ಆ ಹೆಸರು ಬೇಡ

ಮೂವತ್ತೊಂದು — ಗೋಡೆಯ ಮೇಲಿನ ಕೆಂಪು ಅಂಕಿ ಟಿಣ್ ಎಂದು ಬದಲಾಯಿತು, ಒಂದರ ಕೆಳಗಿನ ಅರ್ಧ ಉರಿಯುವುದಿಲ್ಲ, ಅಂಕಿಯೇ ಅಲ್ಲ ಅದು, ಗೋಡೆಗೆ ಅಂಟಿದ ಮುರುಕು ಬೆಂಕಿಕಡ್ಡಿ, ಇವಳ ಕೈಯಲ್ಲಿರುವ ಚೀಟಿ ಮೂವತ್ತೇಳು, ಅಂದರೆ ಇನ್ನು ಆರು, ಆರು ಜನ ಎದ್ದು ಹೋಗಿ ಆ ಕಿಟಕಿಯ ಮುಂದೆ ಬಗ್ಗಿ ನಿಂತು ಹುಟ್ಟಿದವರನ್ನೋ ಸತ್ತವರನ್ನೋ ಬರೆಸಿ ಬರುವಷ್ಟರಲ್ಲಿ ಇವಳು ಬಾಯಿ ಬಿಡಬೇಕು, ಬಿಡದಿದ್ದರೆ ಮುಗಿಯಿತು, ಮಡಿಲಲ್ಲಿ ಮುಷ್ಟಿ ಕಟ್ಟಿಕೊಂಡು ಮಲಗಿರುವ ಈ ಇಪ್ಪತ್ತು ದಿನದ ಹೆಣ್ಣುಕೂಸಿಗೆ ಜೀವ ಇರುವವರೆಗೂ ಆ ಹೆಸರೇ ಗಟ್ಟಿ. ಹುಟ್ಟಿಗೂ ಸಾವಿಗೂ ಒಂದೇ ಕಿಟಕಿ ಇಟ್ಟ ಮಹಾನುಭಾವ ಯಾರೋ, ಎದುರು ಬೆಂಚಿನಲ್ಲಿ ಸಿಹಿ ಡಬ್ಬ ಹಿಡಿದು ಹಲ್ಲು ಕಿರಿಯುತ್ತಿರುವವನ ಪಕ್ಕಕ್ಕೇ ಅತ್ತು ಅತ್ತು ಮೂಗು ಕೆಂಪಾದ ಹೆಂಗಸು, ಡಬ್ಬವನ್ನು ಚಾಚಬೇಕೋ ಬಚ್ಚಿಡಬೇಕೋ ತಿಳಿಯದೆ ಅವನು ಒದ್ದಾಡುತ್ತಿದ್ದಾನೆ, ಒದ್ದಾಡಲಿ, ಇವಳಿಗೆ ಇವತ್ತು ಯಾರ ಮೇಲೂ ಕನಿಕರವಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇದೆ, ಯಾರಾದರೂ ಮುಟ್ಟಿದರೆ ಸಾಕು. ಬಲಗಡೆ ಅತ್ತೆ, ಅತ್ತೆಯ ತೊಡೆಯ ಮೇಲೆ ಕೈಚೀಲ, ಕೈಚೀಲದ ಮೇಲೆ ಅರ್ಜಿ, ಅರ್ಜಿಯ ಮೇಲೆ ಅತ್ತೆಯ ಎರಡೂ ಅಂಗೈ, ಗಾಳಿಗೆ ಹಾರೀತು ಅಂತ, ಗಾಳಿ ಎಲ್ಲಿದೆ ಇಲ್ಲಿ, ಇರುವ ಒಂದು ಫ್ಯಾನು ಗುಮಾಸ್ತೆಯ ತಲೆಯ ಮೇಲೆ ಮಾತ್ರ ತಿರುಗುತ್ತಿದೆ. ಎಡಗಡೆ ಗಂಡ. ಅರ್ಜಿ ತುಂಬಿದ್ದು ಅವನೇ, ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರೆದುಕೊಳ್ಳುವ ಕೈ, ಮುತ್ತು ಪೋಣಿಸಿದಂಥ ಅಕ್ಷರ, ಹುಟ್ಟಿದ ದಿನ, ಹುಟ್ಟಿದ ಹೊತ್ತು, ತೂಕ, ತಂದೆ, ತಾಯಿ, ಎಲ್ಲ ನೀಟಾಗಿ, ಮಗುವಿನ ಹೆಸರು ಎಂದಿರುವ ಚೌಕದಲ್ಲಿ ಆ ಹೆಸರು. ಇನ್ನು ಖಾಲಿ ಇರುವುದು ಒಂದೇ ಜಾಗ, ತಾಯಿಯ ಸಹಿ, ಅದನ್ನು ಕಿಟಕಿಯ ಮುಂದೆ ನಿಂತೇ ಹಾಕಬೇಕಂತೆ.

ಆ ಹೆಸರು ನಾದಿನಿಯದು. ಗಂಡನ ಒಬ್ಬಳೇ ತಂಗಿ, ಸತ್ತು ಒಂದೂವರೆ ವರ್ಷ, ಬದುಕಿದ್ದಾಗ ಅವಳನ್ನು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವರು ಅತ್ತೆ ಒಬ್ಬರೇ, ಅಣ್ಣನಿಗೂ ಇವಳಿಗೂ ಅವಳು ರೇಡಿಯೊ, ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದರೆ ದಿಂಬಿಗೆ ತಲೆ ಇಡುವವರೆಗೆ ನಿಲ್ಲದ ಬಾಯಿ, ಬ್ರಷ್ಷು ಬಾಯಲ್ಲಿದ್ದಾಗಲೇ ಅತ್ತಿಗೆ ಅತ್ತಿಗೆ ನಿನ್ನೆ ಬಸ್ಸಲ್ಲಿ ಏನಾಯ್ತು ಗೊತ್ತಾ, ನೊರೆಯೆಲ್ಲ ಇವಳ ತೋಳಿನ ಮೇಲೆ, ಅಣ್ಣ ಕಿರುಚುತ್ತಿದ್ದ, ಅಮ್ಮಾ ಆ ರೇಡಿಯೊ ಕಿವಿ ಹಿಂಡಿ ಸ್ವಲ್ಪ ಸಣ್ಣ ಮಾಡು. ಆಮೇಲೆ ಅವಳು ಲಾರಿ ಮೆಕ್ಯಾನಿಕ್ಕಿನ ಜೊತೆ ಹೋದಳು, ಹೋದಳು ಅಂದರೆ ಕದ್ದುಮುಚ್ಚಿ ಅಲ್ಲ, ಹಾಡಹಗಲು, ಎಲ್ಲರೂ ನೋಡುತ್ತಿರುವಾಗ ಚೀಲಕ್ಕೆ ಬಟ್ಟೆ ತುಂಬಿಕೊಂಡು, ಹೋಗಿ ಬರ್ತೀನಮ್ಮ ಅಂತ ಹೇಳಿ, ಅತ್ತೆ ಗೋಡೆಯ ಕಡೆ ನೋಡುತ್ತ, ಹೋಗು, ಬರಬೇಡ, ಆ ಹೆಸರಿನವರು ಈ ಮನೇಲಿ ಯಾರೂ ಇರಲೇ ಇಲ್ಲ ಅಂದ್ಕೋತೀವಿ ಅಂದರು, ಅಂದದ್ದನ್ನು ಅಕ್ಷರಕ್ಕೆ ಅಕ್ಷರ ನಡೆಸಿದರು, ಅವಳ ಲೋಟ ಅಟ್ಟಕ್ಕೆ, ಅವಳ ಹೊದಿಕೆ ಒರೆಸುವ ಬಟ್ಟೆಗೆ, ಅವಳ ಮಂಚ ಬೇರೆಯವರ ಮನೆಗೆ, ಕೊನೆಗೆ ಗೋಡೆಯ ಮೇಲಿನ ಇವಳ ಮದುವೆ ಫೋಟೊ — ಅದರಲ್ಲಿ ರೇಡಿಯೊ ಮದುಮಗಳ ಪಕ್ಕದಲ್ಲಿ ನಿಂತು ಹೆಗಲ ಮೇಲೆ ಕೈ ಹಾಕಿದ್ದಳು — ಅದನ್ನು ಕೆಳಗಿಳಿಸಿ ಕಟ್ಟು ಬಿಚ್ಚಿ ಇವಳದೇ ಹೊಲಿಗೆಪೆಟ್ಟಿಗೆಯ ಕತ್ತರಿಯಿಂದ ಮಗಳನ್ನು ಕತ್ತರಿಸಿ ತೆಗೆದರು, ಎಷ್ಟು ಹುಷಾರಾಗಿ ಅಂದರೆ ಸೊಸೆಯ ತೋಳಿನ ಅಂಚು ಒಂದಿಷ್ಟೂ ಕೆಡಲಿಲ್ಲ, ಆದರೆ ಬೆರಳುಗಳನ್ನು ಕತ್ತರಿಸಲು ಹೋದರೆ ಸೊಸೆಯ ಹೆಗಲೇ ಹೋಗುತ್ತಿತ್ತು, ಅದಕ್ಕೇ ಬಿಟ್ಟರು, ಈಗಲೂ ಇದೆ ಆ ಫೋಟೊ, ನಡುಮನೆಯಲ್ಲಿ, ಬಂದವರೆಲ್ಲ ಕೇಳುತ್ತಾರೆ, ಇದ್ಯಾರದು ಕೈ. ಮೂವತ್ತೆರಡು. ಆಸ್ಪತ್ರೆಯ ಓಣಿಯಲ್ಲೂ ಅತ್ತೆ ಹೀಗೇ ಬೆಂಚಿನ ಮೇಲೆ ಕೈಚೀಲ ಅವುಚಿಕೊಂಡು ಕೂತಿದ್ದರು, ಹೊಟ್ಟೆಯೊಳಗೆ ಕರುಳಿನ ತುದಿ ಒಡೆದು ವಿಷವಾಗಿತ್ತಂತೆ, ಮೆಕ್ಯಾನಿಕ್ಕು ಯಾವುದೋ ಕೆಟ್ಟು ನಿಂತ ಲಾರಿಯ ಹಿಂದೆ ದೂರದ ಊರಿಗೆ ಹೋಗಿದ್ದ, ಕೋಣೆಯಲ್ಲಿ ಒಬ್ಬಳೇ ಹೊರಳಾಡಿದವಳನ್ನು ಸಂಜೆ ಕೆಳಗಿನ ಮನೆಯಾಕೆ ಕಂಡು ಎತ್ತಿಕೊಂಡು ಬಂದದ್ದು, ಮಧ್ಯಾಹ್ನವೇ ತಂದಿದ್ರೆ ನೋಡಬಹುದಿತ್ತು ಅಂದರು ಡಾಕ್ಟರು, ಮೂರನೇ ದಿನ ಎಲ್ಲ ಮುಗಿಯಿತು. ಅತ್ತೆ ಅಳಲಿಲ್ಲ. ಒಂದು ಫೋನ್ ಮಾಡಬಾರದಿತ್ತಾ ಆ ಹುಡುಗಿ, ಒಂದೇ ಒಂದು ಫೋನು, ನಾನು ಓಡಿ ಬರ್ತಿರಲಿಲ್ವಾ, ಎಷ್ಟು ಜಂಭ ನೋಡು ಅಂದರು, ಗಂಡ ಹೌದು ಅನ್ನುವ ಹಾಗೆ ತಲೆ ಆಡಿಸಿದ, ಇವಳು ಚಪ್ಪಲಿ ನೋಡುತ್ತ ನಿಂತಿದ್ದಳು, ಮೂರೂ ಜನ ಮನೆಗೆ ಬಂದು ಟೀ ಕುಡಿದರು. ಆಮೇಲೂ ಆ ಹೆಸರು ಆ ಮನೆಯಲ್ಲಿ ಕೇಳಲಿಲ್ಲ.

ಕೇಳಿದ್ದು ಇಪ್ಪತ್ತು ದಿನದ ಹಿಂದೆ, ಹೆರಿಗೆ ವಾರ್ಡಿನಲ್ಲಿ, ಇವಳಿನ್ನೂ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಮಲಗಿದ್ದಾಗ, ಹೊಲಿಗೆ ಹಾಕಿದ ಜಾಗ ಉರಿಯುತ್ತಿದ್ದಾಗ, ಮಗುವನ್ನು ಮೊದಲು ಇವಳಿಗೆ ಕೊಡಬೇಕು ಎನ್ನುವ ಖಬರೂ ಇಲ್ಲದೆ ನರ್ಸಿನ ಕೈಯಿಂದ ಅತ್ತೆಯೇ ಇಸಿದುಕೊಂಡು, ಮುಖ ನೋಡಿ, ಹಣೆ ನೋಡಿ, ಆ ಹೆಸರು ಅಂದರು. ಕೂಗಿದ್ದಲ್ಲ, ಮೆಲ್ಲಗೆ, ಬಾಯಲ್ಲಿ ಬಿಸಿ ತುತ್ತು ಇದ್ದ ಹಾಗೆ. ಗಂಡ ಬಿಕ್ಕಿ ಬಿಕ್ಕಿ ಅತ್ತ, ನರ್ಸು ಎಷ್ಟು ಚೆಂದದ ಹೆಸರು ಅಂದಳು, ಪಕ್ಕದ ಮಂಚದವಳೂ ಕಣ್ಣೊರೆಸಿಕೊಂಡಳು, ಇಡೀ ವಾರ್ಡಿಗೇ ಕರುಳು ಕಿತ್ತು ಬಂದಿತ್ತು, ಇವಳೊಬ್ಬಳ ಮೈ ಮಾತ್ರ ಉರಿದುಹೋಯಿತು. ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತವರು, ಆ ಹುಡುಗಿ ಇದ್ದಾಗ ಒಂದು ಸಲ, ಒಂದೇ ಸಲ ಆ ಹೆಸರನ್ನು ಆಡಿದ್ದರೆ — ಈಗ ನೆನಪಾಯಿತಾ, ಈಗ ಬಾಯಿಗೆ ಬಂತಾ, ನಾನು ಒಂಬತ್ತು ತಿಂಗಳು ಹೊತ್ತದ್ದು ನಿಮ್ಮ ಪಾಪ ತೊಳೆಯೋ ಬಟ್ಟೆಯನ್ನಾ, ಇಷ್ಟೂ ಇವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಆದರೆ ಆ ಹೊತ್ತಿಗೆ ನರ್ಸು ಬಂದು ಮಗುವಿನ ಕಾಲಿಗೆ ಕಾಗದದ ಪಟ್ಟಿ ಕಟ್ಟಿದಳು, ಅದರಲ್ಲಿ ಇವಳ ಹೆಸರು ಬರೆದು ಮುಂದೆ ಮಗು ಅಂತ, ಇಂಥವಳ ಮಗು, ಅಷ್ಟೇ, ಅದನ್ನು ನೋಡಿ ಇವಳಿಗೆ ಎಲ್ಲಿಲ್ಲದ ಸಮಾಧಾನವಾಯಿತು, ಮೂರು ದಿನಕ್ಕೆ ಪಟ್ಟಿ ಒದ್ದೆಯಾಗಿ ಹರಿದು ಬಿತ್ತು. ಯಾರಾದರೂ ಒಬ್ಬರು, ನಿನಗೆ ಯಾವ ಹೆಸರು ಇಷ್ಟ ಅಂತ ಕೇಳಿದರಾ, ಇಲ್ಲ. ಇವಳ ಹತ್ತಿರ ಏಳು ಹೆಸರಿದ್ದವು. ಬಸುರಿಯಾಗಿದ್ದಾಗ ಕೆಲಸ ಮುಗಿದ ಮೇಲೆ ಹತ್ತು ಹತ್ತು ನಿಮಿಷ ಉಳಿದುಕೊಂಡು, ಬಿಳಿ ಬಟ್ಟೆಯ ತುಂಡಿನ ಮೇಲೆ ಏಳು ಬಣ್ಣದ ದಾರದಲ್ಲಿ ಏಳು ಹೆಸರು ಹೊಲಿದಿದ್ದಳು, ಬಾಯಲ್ಲಿ ಹೇಳಿದರೆ ಎಲ್ಲ ಹೆಸರೂ ಚೆಂದ, ದಾರದಲ್ಲಿ ಕೂರಿಸಿದರೆ ಗೊತ್ತಾಗುತ್ತದೆ ಯಾವುದು ಮೈಗೆ ಒಗ್ಗುತ್ತದೆ ಅಂತ, ಮೂರನೆಯದರ ಮೇಲೆ ಇವಳ ಕಣ್ಣಿತ್ತು, ಹಳದಿಯದು. ಆಸ್ಪತ್ರೆಯಿಂದ ಮನೆಗೆ ಬಂದು ನೋಡಿದರೆ ಆ ತುಂಡು ಒಲೆಯ ಕಟ್ಟೆಯ ಮೇಲೆ ಉಕ್ಕಿದ ಹಾಲು ಒರೆಸಿ ಮುದ್ದೆಯಾಗಿ ಬಿದ್ದಿತ್ತು, ಏಳೂ ಹೆಸರು ಕಮಟು ವಾಸನೆ ಹೊಡೆಯುತ್ತಿದ್ದವು. ಚಿಂದಿ ಅಂದ್ಕೊಂಡೆ ಕಣಮ್ಮ, ನನಗೇನು ಗೊತ್ತು ಅಂದರು ಅತ್ತೆ. ಏಳು ಬಣ್ಣದ ಚಿಂದಿಯನ್ನು ಎಲ್ಲಿ ನೋಡಿದ್ದರಂತೆ, ಕೇಳಲಿಲ್ಲ ಇವಳು, ತೊಳೆದು ಹಾಕಿದಳು, ಹಳದಿ ಬಣ್ಣ ಬಿಟ್ಟು ಪಕ್ಕದ ಹೆಸರಿಗೆ ಹತ್ತಿಕೊಂಡಿತು.

ಮೂವತ್ಮೂರು, ಸಿಹಿ ಡಬ್ಬದವನು ಎದ್ದ, ಹೋಗಪ್ಪ, ನಿನ್ನ ಪುಣ್ಯ, ನಿನಗೆ ಹೆಸರು ಸಿಕ್ಕಿದೆ. ಹೆಸರು ಹೊಲಿಯುವುದೇ ಇವಳ ಕೆಲಸ, ಹನ್ನೊಂದು ವರ್ಷದಿಂದ, ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂಲೆಯ ಮಿಷನ್ನು ಇವಳದು, ನರ್ಸುಗಳ ಕೋಟು, ಕಾವಲುಗಾರರ ಅಂಗಿ, ಹೋಟೆಲಿನವರ ಏಪ್ರನ್ನು, ಜೇಬಿನ ಮೇಲೆ ಒಂದು ಬೆರಳಗಲ ಹೆಸರು, ದಿನಕ್ಕೆ ನೂರು ನೂರಿಪ್ಪತ್ತು, ಊರಿಗೆಲ್ಲ ಹೆಸರು ಕೊಟ್ಟವಳು, ಸ್ವಂತ ಮಗಳಿಗೆ ಕೊಡುವ ಯೋಗ್ಯತೆಯಿಲ್ಲ. ಕೆಲಸ ಬಿಟ್ಟವರ ಬಟ್ಟೆಗಳೂ ಮೂಟೆ ಕಟ್ಟಿಕೊಂಡು ವಾಪಸ್ಸು ಬರುತ್ತವೆ, ಬಟ್ಟೆ ಗಟ್ಟಿಯಿದ್ದರೆ ಯಾಕೆ ಬಿಸಾಡುವುದು, ಹಳೇ ಹೆಸರು ಬಿಚ್ಚಿ ಹೊಸಬರ ಹೆಸರು ಹಾಕು ಅನ್ನುತ್ತಾನೆ ಕಟಿಂಗ್ ಮಾಸ್ತರು, ಸಣ್ಣ ಕೊಕ್ಕೆಯಿಂದ ಒಂದೊಂದೇ ಎಳೆ ಬಿಚ್ಚಬೇಕು, ಬಿಚ್ಚಿ, ಹಬೆ ಹಿಡಿದು, ಉಗುರಿನಿಂದ ಉಜ್ಜಿದರೆ ಹತ್ತಿ ಬಟ್ಟೆಯಲ್ಲಿ ತೂತು ಮುಚ್ಚುತ್ತದೆ, ಟೆರಿಕಾಟಿನಲ್ಲಿ ಮುಚ್ಚುವುದಿಲ್ಲ, ಏನು ಮಾಡಿದರೂ ಮುಚ್ಚುವುದಿಲ್ಲ, ಸೂಜಿ ಹೋದ ಜಾಗ ಹೋದದ್ದೇ, ಅದರ ಮೇಲೆ ಹೊಸ ಹೆಸರು ಕೂರಿಸಿದರೆ ಹಾಕಿಕೊಂಡವರಿಗೆ ಕಾಣದು, ಇವಳಿಗೆ ಕಾಣುತ್ತದೆ, ಬೀದಿಯಲ್ಲಿ ಎದುರು ಬಂದ ಕಾವಲುಗಾರನ ಎದೆಯ ಮೇಲೆ ಒಂದು ಹೆಸರಿನ ಅಡಿಯಲ್ಲಿ ಇನ್ನೊಂದು, ಕೆಲವು ಸಲ ಮೂರನೆಯದೂ. ಒಂದು ಸಲ ಆಫೀಸಿನವರು ಹಳೇ ಪಟ್ಟಿ ಕಳಿಸಿ ದೊಡ್ಡ ಫಜೀತಿಯಾಗಿತ್ತು, ನಲವತ್ತು ಹೊಸ ಅಂಗಿಗೆ ಇವಳು ಕೆಲಸ ಬಿಟ್ಟು ಹೋದ ನಲವತ್ತು ಜನರ ಹೆಸರು ಹೊಲಿದು ಕಳಿಸಿದ್ದಳು, ಹೊಸಬರು ಹಳಬರ ಹೆಸರು ಎದೆಗೆ ಹಾಕಿಕೊಂಡು ಒಂದು ತಿಂಗಳು ಗೇಟು ಕಾದರು, ಮಾಸ್ತರು ತಲೆ ಚಚ್ಚಿಕೊಂಡು ವಾಪಸ್ಸು ಕೇಳಲು ಹೋದರೆ ಒಬ್ಬ, ಬಿಡಿ ಮಾಸ್ತರೇ, ಈಗ ಆ ಹೆಸರು ಕೂಗಿದ್ರೇ ನಾನು ತಿರುಗೋದು, ನನ್ನ ಹೆಸರು ಕೂಗಿದ್ರೆ ಯಾರನ್ನೋ ಅನ್ಸತ್ತೆ ಅಂದನಂತೆ. ಅದನ್ನು ಮನೆಯಲ್ಲಿ ಹೇಳಿದಾಗ ರೇಡಿಯೊ ನೆಲಕ್ಕೆ ಬಿದ್ದು ನಕ್ಕಿದ್ದಳು, ಹೊಟ್ಟೆ ಹಿಡಿದುಕೊಂಡು, ಅತ್ತಿಗೆ ನನಗೂ ಒಂದು ಅಂಗಿ ತಂದ್ಕೊಡಿ, ಬೇರೆ ಯಾರದ್ದಾದ್ರೂ ಹೆಸರಿಂದು, ಅಮ್ಮ ನನ್ನ ಹೆಸರು ಕೂಗಿದ್ರೆ ನಾನಲ್ಲ ಅಂತೀನಿ. ಅವಳ ಹೊಟ್ಟೆ — ಬೇಡ. ಈ ಕೂಸಿನ ಮೈ ಮೇಲೆ ಒಂದೂ ತೂತಿಲ್ಲ, ಈಗಷ್ಟೇ ಮಗ್ಗದಿಂದ ಇಳಿದ ಬಟ್ಟೆ, ಇದಕ್ಕೆ ಯಾಕೆ ಬೇರೆಯವರ ಹೆಸರು, ಇದು ಬಿದ್ದರೆ ಅವಳೂ ಹೀಗೇ ಬೀಳ್ತಿದ್ದಳು, ಹಟ ಹಿಡಿದರೆ ಅವಳದೇ ಹಟ, ಹದಿನೆಂಟಕ್ಕೆ ಯಾರನ್ನಾದರೂ ಇಷ್ಟಪಟ್ಟರೆ ಅಯ್ಯೋ ಮತ್ತೆ ಅದೇ, ಹೊಟ್ಟೆನೋವು ಅಂದರೆ ಮನೆಯೆಲ್ಲ ಗಡಗಡ, ಒಂದು ದಿನವಾದರೂ ಇದು ಇದಾಗಿ ಬದುಕಲು ಬಿಡುತ್ತಾರಾ. ಮಗು ತುಟಿ ಚೀಪಿತು, ಮುಖ ಗಂಟು ಹಾಕಿ ಮತ್ತೆ ನಿದ್ದೆಗೆ ಜಾರಿತು.

ಹೇಳಬೇಕು, ಈಗಲೇ, ಮೂವತ್ನಾಲ್ಕು ಬರುವುದರೊಳಗೆ, ರೀ ಅಂದಳು, ಗಂಡ ಹ್ಞೂಂ ಅಂದ, ರೀ ಆ ಹೆಸರು ಬೇಡ ರೀ ಅಂದಳು, ಅವನು ಎದುರು ಗೋಡೆಯ ಮೇಲಿನ ಸೂಚನೆಗಳನ್ನು ಮೀಟರ್ ಓದುವಷ್ಟು ಶ್ರದ್ಧೆಯಿಂದ ಓದುತ್ತ, ಈಗ ಹೇಳಿದ್ರೆ ಹೇಗೆ, ಬರೆದಾಯ್ತಲ್ಲ, ಅಮ್ಮನಿಗೂ ಒಂಚೂರು ನೆಮ್ಮದಿ ಅಂದ. ಬರೆಯೋ ಮೊದಲು ಕೇಳಿದ್ರಾ ನನ್ನ. ನೀನು ಬೇಡ ಅಂತ ಹೇಳಲೇ ಇಲ್ಲವಲ್ಲ. ನೋಡಿ, ಇದಕ್ಕೆ ಏನು ಹೇಳುವುದು, ಗಂಡಸರು ಇಂಥ ಮಾತನ್ನು ಎಲ್ಲಿಂದ ಕಲಿತು ಬರುತ್ತಾರೋ, ಮಾವಿನಕಾಯಿಗೆ ಕಲ್ಲು ಹೊಡೆದಂತೆ ನೆಟ್ಟಗೆ ಹಣೆಗೆ ಎಸೆಯಬೇಕು ಅನ್ನಿಸಿತು ಈ ಮೂವತ್ತೇಳರ ಚೀಟಿಯನ್ನು, ಚೀಟಿಗೆ ಭಾರವಿಲ್ಲ, ಅದೇ ಕಷ್ಟ. ಅತ್ತೆ ಕೇಳಿಸಿಕೊಂಡಿದ್ದರು, ಕೇಳಿಸಿಕೊಳ್ಳದೆ ಇರುತ್ತಾರಾ, ಅರ್ಜಿಯ ಮೇಲಿನ ಕೈ ತೆಗೆಯದೆ ಎದುರಿಗೇ ನೋಡುತ್ತ, ನಾನು ಕಟುಕಿ ಕಣೆ ಅಂದರು, ನನಗೆ ಗೊತ್ತು ನಾನು ಏನು ಮಾಡಿದೀನಿ ಅಂತ, ನೀನು ಮನಸ್ಸಲ್ಲಿ ಬೈಕೋತಿದೀಯ, ಬೈಕೋ, ನನಗೆ ಇನ್ನೇನೂ ಬೇಡ, ಬಾಗಿಲಲ್ಲಿ ನಿಂತು ಒಂದ್ಸಲ ಆ ಹೆಸರು ಕೂಗಬೇಕು, ಒಳಗಿಂದ ಯಾರಾದ್ರೂ ಓ ಅನ್ಬೇಕು, ಅಷ್ಟೇ. ಓ ಅನ್ನಬೇಕಂತೆ. ಕೂಗುವುದು ನೀವು, ಓ ಅನ್ನುವುದು ನನ್ನ ಮಗಳು, ಎಂಥ ಸುಲಭ, ಆ ಹುಡುಗಿ ಕೂಗಿದಾಗ ಯಾರು ಓ ಅಂದರು, ಯಾರು — ಮಿಷನ್ನಿನ ಸದ್ದು, ಯಾಕೆ ಈಗ ಮಿಷನ್ನಿನ ಸದ್ದು, ಮಂಗಳವಾರ, ನರ್ಸುಗಳ ಇನ್ನೂರು ಕೋಟು ಸಂಜೆಯೊಳಗೆ ಹೋಗಬೇಕಿತ್ತು, ಊಟ ಮುಗಿಸಿ ಬಂದು ಕೂತು ಬಟ್ಟೆಯನ್ನು ರಿಂಗಿಗೆ ಬಿಗಿದು ಒಂದು ಹೆಸರಿನ ಅರ್ಧಕ್ಕೆ ಬಂದಿದ್ದಳು, ನಡುವೆ ನಿಲ್ಲಿಸಿದರೆ ಹಿಂದುಗಡೆ ದಾರ ಗಂಟಾಗುತ್ತದೆ, ಏಪ್ರನ್ನಿನ ಜೇಬಿನಲ್ಲಿ ಫೋನು ಗುಯ್ಯೆಂದಿತು, ತೆಳು ಬಟ್ಟೆಯ ಒಳಗಿಂದ ನೀಲಿ ಬೆಳಕು, ಬಲಗೈ ಮಿಷನ್ನಿನ ಮೇಲೇ ಇತ್ತು, ಎಡಗೈಯಲ್ಲಿ ಅರ್ಧ ಹೊರಗೆ ಎಳೆದು ನೋಡಿದಳು, ಆ ಹೆಸರು, ಪೂರ್ತಿ ಹೆಸರು, ಅವಳೇ ಹಾಕಿಕೊಟ್ಟದ್ದು, ಮದುವೆಯಾಗಿ ಬಂದ ವಾರ, ಕೊಡಿ ಅತ್ತಿಗೆ ನನ್ನ ನಂಬರ್ ನಾನೇ ಹಾಕ್ತೀನಿ, ರೇಡಿಯೊ ಅಂತ ಹಾಕಿದ್ರೆ ಮರ್ಯಾದೆ ಇರಲ್ಲ ಅಂತ ಪೂರ್ತಿ ಹೆಸರು ಒತ್ತಿದ್ದಳು. ಎರಡು ಗಂಟೆ ಹತ್ತು ನಿಮಿಷ. ಶುರುವಾದರೆ ಅರ್ಧ ಗಂಟೆ ಬಿಡುವುದಿಲ್ಲ ಅವಳು, ಮಾಸ್ತರು ಬೇರೆ ಇತ್ತ ಕಡೆಯೇ ನೋಡುತ್ತಿದ್ದಾನೆ, ಸಂಜೆ ಮಾಡಿದರಾಯಿತು, ಇದಿಷ್ಟೇ ಅಂದುಕೊಂಡದ್ದು, ಬೇರೇನೂ ಇಲ್ಲ, ಕೋಪವಿರಲಿಲ್ಲ, ಅತ್ತೆಯ ಹೆದರಿಕೆಯೂ ಇರಲಿಲ್ಲ, ಹೆಬ್ಬೆರಳಿನಿಂದ ಕೆಂಪು ಗುಂಡಿ ಒತ್ತಿ ಅರ್ಧಕ್ಕೆ ನಿಂತ ಹೆಸರನ್ನು ಪೂರ್ತಿ ಮಾಡಿದಳು, ಚೆನ್ನಾಗಿ ಬಂದಿತ್ತು, ಗಂಟಿರಲಿಲ್ಲ. ಸಂಜೆ ಮರೆತೇ ಹೋಯಿತು. ಬುಧವಾರ ಮೆಕ್ಯಾನಿಕ್ಕು ಅಳುತ್ತ ಫೋನು ಮಾಡಿದ, ಗುರುವಾರ ಆಸ್ಪತ್ರೆಯ ಓಣಿ, ಒಂದು ಫೋನ್ ಮಾಡಬಾರದಿತ್ತಾ ಅಂತ ಅತ್ತೆ ಅಂದಾಗ ಇವಳು ಚಪ್ಪಲಿ ನೋಡುತ್ತ ನಿಂತಿದ್ದಳು, ಮನೆಗೆ ಬಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಫೋನಿನಿಂದ ಆ ಸಾಲನ್ನು ಅಳಿಸಿದಳು, ಆಮೇಲೆ ಆ ಹೆಸರನ್ನೂ. ಅತ್ತೆಗೆ ಕತ್ತರಿ ಬೇಕಾಗಿತ್ತು, ಇವಳಿಗೆ ಹೆಬ್ಬೆರಳೇ ಸಾಕಾಯಿತು.

ಮೂವತ್ನಾಲ್ಕು ಯಾವಾಗ ಹೋಯಿತೋ, ಮೂವತ್ತೈದು, ಯಾರೂ ಏಳಲಿಲ್ಲ, ಮೂವತ್ತಾರು, ಅಳುತ್ತಿದ್ದ ಹೆಂಗಸು ಎದ್ದಳು, ಅಯ್ಯೋ ಅಷ್ಟು ಬೇಗ. ಹಾಗಾದರೆ ಈ ಸಿಟ್ಟೆಲ್ಲ ಏನು, ಇಪ್ಪತ್ತು ದಿನದಿಂದ ಹಲ್ಲು ಕಚ್ಚಿಕೊಂಡು ಅತ್ತೆಯ ಮೇಲೆ ಕಾರಿದ್ದು, ಚಿಂದಿ ಬಟ್ಟೆ, ಫೋಟೊ, ಕಟುಕಿ, ಎಲ್ಲ ಸುಳ್ಳಾ, ಸುಳ್ಳಲ್ಲ, ಅವರು ಮಾಡಿದ್ದು ಮಾಡಿದ್ದೇ, ಆದರೆ ಬಾಗಿಲಲ್ಲಿ ನಿಂತು ಅತ್ತೆ ಕೂಗುವುದನ್ನು ಹೇಗಾದರೂ ಸಹಿಸಿಯಾಳು, ಇವಳೂ ಕೂಗಬೇಕಲ್ಲ, ತಾಯಿಯಾಗಿ, ದಿನಕ್ಕೆ ನೂರು ಸಲ, ಹಾಲಿಗೆ, ಸ್ನಾನಕ್ಕೆ, ಸ್ಕೂಲಿಗೆ, ಪ್ರತಿ ಸಲ ಏಪ್ರನ್ನಿನ ಜೇಬಿನಲ್ಲಿ ಆ ನೀಲಿ ಬೆಳಕು, ಪ್ರತಿ ಸಲ ಹೆಬ್ಬೆರಳು, ಆಗುವುದಿಲ್ಲ, ಸತ್ತರೂ ಆಗುವುದಿಲ್ಲ. ಮೂವತ್ತೇಳು. ಬಾರಮ್ಮ ಅಂದಳು ಗುಮಾಸ್ತೆ, ಮೂಗಿನ ತುದಿಗೆ ಇಳಿದ ಕನ್ನಡಕ, ಅತ್ತೆ ಅರ್ಜಿಯನ್ನು ಎರಡೂ ಕೈಯಲ್ಲಿ ಒಳಗೆ ತಳ್ಳಿದರು, ಗುಮಾಸ್ತೆ ಮೇಲಿನಿಂದ ಕೆಳಗೆ ಬೆರಳಾಡಿಸಿ, ಅಕ್ಷರ ಎಷ್ಟು ಚೆನ್ನಾಗಿದೆ, ಹೀಗೆ ಎಲ್ಲರೂ ತುಂಬ್ಕೊಂಡು ಬಂದ್ರೆ ನಮ್ಮ ಕಣ್ಣು ಉಳಿಯತ್ತೆ, ಇಲ್ಲಿ ಸಹಿ ಹಾಕಮ್ಮ ಅಂದಳು. ಮಗುವನ್ನು ಎಡಗೈಗೆ ಬದಲಿಸಿದಳು, ಪೆನ್ನನ್ನು ದಾರ ಕಟ್ಟಿ ಕಿಟಕಿಗೆ ಬಿಗಿದಿದ್ದರು, ದಾರ ಗಿಡ್ಡ, ಸಹಿಯ ಜಾಗಕ್ಕೆ ಎಳೆದರೆ ಮಾತ್ರ ಮುಟ್ಟುತ್ತದೆ, ಹೆಸರಿನ ಚೌಕ ಹತ್ತಿರದಲ್ಲೇ ಇತ್ತು, ಇವಳು ಆ ಹೆಸರಿನ ಮೇಲೆ ಒಂದು ಗೀಟು ಎಳೆದಳು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ನೇರವಾಗಿ ಬಂತು, ಹೊಲಿಯುವ ಕೈ. ಏನಮ್ಮ ಇದು ಅಂದಳು ಗುಮಾಸ್ತೆ, ಚೆನ್ನಾಗಿರೋ ಅರ್ಜಿ ಹಾಳು ಮಾಡಿದ್ಯಲ್ಲ. ಆ ಹೆಸರು ಬೇಡ ಅಂದಳು ಇವಳು, ಜೋರಾಗಿಯೇ ಬಂತು, ಬೆಂಚಿನವರೆಲ್ಲ ತಿರುಗಿದರು. ಅತ್ತೆಯ ಮುಖ ಬಿಳಿಚಿಕೊಂಡಿತು, ಕಿಟಕಿಯ ಕಟ್ಟೆ ಹಿಡಿದುಕೊಂಡು, ಯಾಕೆ, ಯಾಕೆ ಬೇಡ, ನಾನಾದ್ರೆ ಕೆಟ್ಟವಳು, ಅವಳು ನಿನಗೇನು ಮಾಡಿದ್ಲೆ, ಅತ್ತಿಗೆ ಅತ್ತಿಗೆ ಅಂತ ಜೀವ ಬಿಡ್ತಿದ್ಲಲ್ಲ, ನಿನಗೇನು ಮಾಡಿದ್ಲು ಅವಳು. ಫೋನ್ ಮಾಡಿದ್ಲು ಅತ್ತೆ ಅಂದಳು ಇವಳು. ಆ ಮಂಗಳವಾರ, ಎರಡು ಗಂಟೆ ಹತ್ತು ನಿಮಿಷಕ್ಕೆ, ನಾನು ಎತ್ತಲಿಲ್ಲ.

ಈಗ ಬೀಳುತ್ತದೆ ಕೆನ್ನೆಗೆ, ಎಲ್ಲರ ಮುಂದೆ, ಬೀಳಲಿ, ಮಗುವನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕಾದಳು, ಕಾರ್ಖಾನೆಯ ಆ ಮೂಲೆ, ಬಿಸಿ ಎಣ್ಣೆಯ ವಾಸನೆ, ಇನ್ನೂರು ಕೋಟು, ಯಾವುದೋ ನರ್ಸಿನ ಹೆಸರು, ಆ ನರ್ಸು ಈಗಲೂ ಎಲ್ಲೋ ಆ ಕೋಟು ಹಾಕಿಕೊಂಡು ಓಡಾಡುತ್ತಿರಬಹುದು, ಒಂದೂ ಗಂಟಿಲ್ಲದ ಹೆಸರು, ಕೆನ್ನೆಗೆ ಏನೂ ಬೀಳಲಿಲ್ಲ, ಕಣ್ಣು ಬಿಟ್ಟರೆ ಅತ್ತೆ ಇವಳನ್ನು ನೋಡುತ್ತಿದ್ದರು, ಸಿಟ್ಟಿನಿಂದಲ್ಲ, ಮನೆಗೆ ಬೇರೆಯವರೊಬ್ಬರು ಬಂದು ನಿಂತಾಗ ಗುರುತು ಹಿಡಿಯಲು ನೋಡುವ ಹಾಗೆ, ನಿನಗೂನಾ ಅಂದರು. ಅಷ್ಟೇ. ನಿನಗೂನಾ. ಇವಳಿಗೆ ಮೊದಲು ಅರ್ಥವೇ ಆಗಲಿಲ್ಲ, ಆಮೇಲೆ ಹೊಳೆಯಿತು, ಇವರಿಗೂ ಬಂದಿತ್ತು ಆ ಫೋನು, ಒಂದು ಫೋನ್ ಮಾಡಬಾರದಿತ್ತಾ ಅಂದದ್ದು ಇವರೇ, ನಾನು ಓಡಿ ಬರ್ತಿರಲಿಲ್ವಾ ಅಂದದ್ದು ಇವರೇ, ಒಂದೂವರೆ ವರ್ಷ ಇವರೂ — ನನಗೆ ಎರಡು ಸಲ, ಅಂದ ಗಂಡ. ಅವನನ್ನು ಯಾರೂ ಕೇಳಿರಲಿಲ್ಲ. ಬೆಂಚಿನ ಹತ್ತಿರವೇ ನಿಂತು, ಸೂಚನೆಗಳಿದ್ದ ಗೋಡೆಗೆ ಮುಖ ಮಾಡಿಕೊಂಡು, ಮೀಟರ್ ಓದ್ತಿದ್ದೆ ಅಂದ, ಆಮೇಲೆ ಮಾಡೋಣ ಅಂತ. ಒಂದು, ಎರಡು, ಮೂರು, ನಾಲ್ಕು, ಒಂದೇ ಮಧ್ಯಾಹ್ನ, ಯಾವ ಸಾಲಿನಲ್ಲಿ, ಮೊದಲು ಅಮ್ಮನಿಗಾ, ಅಣ್ಣನಿಗಾ, ಅಣ್ಣನಿಗೆ ಇನ್ನೊಂದು ಸಲ, ಕೊನೆಗೆ ಅತ್ತಿಗೆ ಎತ್ತೇ ಎತ್ತುತ್ತಾಳೆ ಅಂತ, ಅತ್ತಿಗೆಯಾದರೂ — ಬೇಗ ಹೇಳಮ್ಮ ಅನ್ನುತ್ತಿದ್ದಾಳೆ ಗುಮಾಸ್ತೆ, ಹಿಂದೆ ಜನ ಇದ್ದಾರೆ, ಹೆಸರು ಇಲ್ದೇನೂ ದಾಖಲಾಗತ್ತೆ, ಖಾಲಿ ಬಿಡ್ಲಾ, ಒಂದು ವರ್ಷದೊಳಗೆ ಬಂದು ಸೇರಿಸ್ಕೊಂಡು ಹೋಗಿ, ಹೇಳಿ, ಖಾಲಿ ಬಿಡ್ಲಾ, ಬಿಡಿ ಅನ್ನಬೇಕು, ಖಾಲಿ ಬಿಡಿ, ಇವಳ ತುಟಿ ಅಲುಗುತ್ತದೆ, ಪೆನ್ನಿನ ದಾರ ಬಿಗಿಯುತ್ತದೆ, ಸಹಿ ಹಾಕಿದಳೋ ಹಾಕುತ್ತಿದ್ದಾಳೋ, ಮಗು ಎದ್ದು ಬಾಯಿ ಅಗಲಿಸಿ ಕೂಗುತ್ತಿದೆ, ಓ ಅನ್ನಬೇಕು, ಓ ಅನ್ನು, ಏಪ್ರನ್ನಿನ ತೆಳು ಬಟ್ಟೆಯೊಳಗೆ ನೀಲಿ ಬೆಳಕು, ಬೆಳಕಿನಲ್ಲಿ ಆ ಹೆಸರು, ಗುಯ್ಯೆನ್ನುತ್ತಿದೆ, ನಿಲ್ಲುವುದಿಲ್ಲ, ಅದರ ಮೇಲೆ ಹೆಬ್ಬೆರಳು, ನೀಲಿ ಬೆಳಕು, ಆ ಹೆಸರು, ಹೆಬ್ಬೆರಳು, ನೀಲಿ ಬೆಳಕು, ಹೆಬ್ಬೆರಳು —